ಬೆಳಿಗ್ಗೆ ಕಾಂಬ

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿ ಪಶ್ಚಿಮದ ಹಳೇ ಬಿಲ್ಡಿಂಗ್. ಮೂರನೇ ಮಹಡಿ, ಲಿಫ್ಟ್ ಇಲ್ಲ. ರಾತ್ರಿ ಕೊನೆಯ ಲೋಕಲ್ ಹೋದ ಮೇಲೆ ಸ್ವಲ್ಪ ಹೊತ್ತು ಸ್ಟೇಷನ್ ಕಡೆಯಿಂದ ಸದ್ದು ಕಡಿಮೆ. ಆಗ ಮನೆಯೊಳಗಿನ ಸದ್ದುಗಳೆಲ್ಲ ದೊಡ್ಡದಾಗಿ ಕೇಳುತ್ತವೆ. ಫ್ರಿಜ್ಜಿನ ಗುಂಯ್‌ಗುಡುವಿಕೆ, ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು, ಅಪ್ಪಯ್ಯನ ಉಸಿರು. ಮಲಗಿದಲ್ಲಿಂದಲೇ ಆ ಉಸಿರನ್ನು ಎಣಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನಿಮಿಷಕ್ಕೆ 16, 18 ಆದರೆ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತೇನೆ. 24 ದಾಟಿದರೆ ಎದ್ದು ಕೂರುತ್ತೇನೆ.

ಹೋಗಿ ನೋಡಿದರೆ ಅಪ್ಪಯ್ಯ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈ ಹಾಸಿಗೆಗೆ ಊರಿ, ಮುಂದಕ್ಕೆ ಬಾಗಿ ಕೂತಿರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಕೈ ಅಲ್ಲಾಡಿಸುತ್ತಾರೆ. "ಎಂತ ಇಲ್ಲೆ. ನೀನ್ ಮನಿಕೋ. ಬೆಳಿಗ್ಗೆ ಕಾಂಬ."

ಬೆಳಿಗ್ಗೆ ನೋಡೋಣ. ಈ ಮಾತನ್ನು ನಂಬಿ ಒಂದು ಸಲ ನಾವು ಅಪ್ಪಯ್ಯನನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ವರ್ಷಗಟ್ಟಲೆಯ ಕಾಯಿಲೆ ಇರುವ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ರಾತ್ರಿ ಬಂದೇ ಬರುತ್ತದೆ.

ಅಪ್ಪಯ್ಯನಿಗೆ ಈಗ 74. ಹಿಂದೊಮ್ಮೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಆಮೇಲೆ ಹೃದಯದ ಸ್ನಾಯು ಸೋತಿತು. ಡಾಕ್ಟರು ಹಾರ್ಟ್ ಫೇಲ್ಯೂರ್ ಅಂದಾಗ ಅಮ್ಮ ಹೃದಯವೇ ನಿಂತುಹೋಗುತ್ತದೆ ಅಂದುಕೊಂಡು ಅಲ್ಲೇ ಅತ್ತುಬಿಟ್ಟಿದ್ದರು. ಹಾಗಲ್ಲ. ಹೃದಯ ನಡೆಯುತ್ತಲೇ ಇರುತ್ತದೆ, ಆದರೆ ಬಂದ ರಕ್ತವನ್ನೆಲ್ಲ ಮುಂದಕ್ಕೆ ನೂಕುವ ಕಸುವು ಅದಕ್ಕೆ ಇರುವುದಿಲ್ಲ. ಹೃದಯದ ಸ್ಕ್ಯಾನ್ ಮಾಡುತ್ತಾರಲ್ಲ, ಆ ಎಕೋದಲ್ಲಿ ಇಎಫ್ ಅಂತ ಒಂದು ಅಂಕಿ ಬರೆಯುತ್ತಾರೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬುದು ಅದು. ಆರೋಗ್ಯವಂತರಿಗೆ ಸಾಮಾನ್ಯವಾಗಿ 55ರ ಮೇಲೆ ಇರುತ್ತದೆ, ಅಪ್ಪಯ್ಯನದು 30. ಬಾಕಿ ನೀರು ಹಿಂದಕ್ಕೆ ನಿಲ್ಲುತ್ತದೆ, ಕಾಲಿನಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ. ಅಪ್ಪಯ್ಯ ಇದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಾರೆ. ತಾವು ದುಡಿದ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಜಾಗದ ಮೋರಿ ಕಟ್ಟಿದರೆ ನೀರು ಮೊದಲು ಕಾಲಬುಡಕ್ಕೆ ಬರುತ್ತದೆ, ಆಮೇಲೆ ಅಡುಗೆಮನೆಗೆ, ಅನ್ನುತ್ತಾರೆ.

ಇದು ರಾತ್ರಿಯೇ ಯಾಕೆ ಹೆಚ್ಚಾಗುತ್ತದೆ ಎಂಬುದಕ್ಕೂ ಕಾರಣವಿದೆ. ಹಗಲೆಲ್ಲ ಕಾಲಿನಲ್ಲಿ ನಿಂತ ನೀರು, ಅಡ್ಡ ಮಲಗಿದ ಮೇಲೆ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ದಣಿದ ಹೃದಯಕ್ಕೆ ಆ ಹೆಚ್ಚಿನ ಹೊರೆ ತಡೆಯುವುದಿಲ್ಲ, ನೀರು ಶ್ವಾಸಕೋಶದಲ್ಲಿ ಇಳಿಯುತ್ತದೆ. ಮಲಗಿ ಒಂದೆರಡು ಗಂಟೆಗೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ. ಅಂದರೆ ಕಾಯಿಲೆ ನಮ್ಮನ್ನು ಪ್ರಶ್ನೆ ಕೇಳುವುದೇ ರಾತ್ರಿ ಒಂದು ಒಂದೂವರೆಗೆ. ಉತ್ತರ ಹೇಳಲು ಅದಕ್ಕಿಂತ ಕೆಟ್ಟ ಹೊತ್ತು ಮತ್ತೊಂದಿಲ್ಲ.

2022ರ ಚೌತಿಯ ಸಮಯ. ಅಪ್ಪಯ್ಯನಿಗೆ ಮೊಣಕಾಲು ನೋವು ಅಂತ ನಾನೇ ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದುಕೊಟ್ಟೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮೂತ್ರಪಿಂಡದ ಮೇಲೆ ಕೆಲಸ ಮಾಡಿ ಉಪ್ಪನ್ನೂ ನೀರನ್ನೂ ದೇಹದಲ್ಲೇ ಉಳಿಸುತ್ತವೆ, ಸೋತ ಹೃದಯ ಇರುವವರಿಗೆ ಅವು ಆಗಿಬರುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಹಬ್ಬದ ಮನೆ ಬೇರೆ. ಹಪ್ಪಳ, ಮಿಡಿ ಉಪ್ಪಿನಕಾಯಿ, ಪಂಚಕಜ್ಜಾಯ, ಬಂದವರ ಜೊತೆ ನಾಲ್ಕು ಸಲ ಚಾ.

ಮೊದಲ ದಿನ ಚಪ್ಪಲಿಯ ಪಟ್ಟಿ ಬಿಗಿಯಾಯಿತು ಅಂದರು. ಮಳೆಗೆ ಚರ್ಮ ನೆನೆದು ಹಾಗಾಗಿದೆ ಅಂದೆವು. ಎರಡನೇ ದಿನ ತಲೆದಿಂಬು ಒಂದು ಸಾಲದೆ ಎರಡಾಯಿತು. ಮೂರನೇ ದಿನ ಕೆಮ್ಮು. ಮಳೆಗಾಲದ ಕೆಮ್ಮು ಅಂತ ಕಷಾಯ ಮಾಡಿದೆವು. ನಾಲ್ಕನೇ ದಿನ ಕೆಳಗೆ ಮಂಡಲದ ಆರತಿಗೆ ಇಳಿಯಲಿಲ್ಲ. ರಾತ್ರಿ ಮಂಚ ಬಿಟ್ಟು ಕುರ್ಚಿಯಲ್ಲೇ ಕೂತು ಒರಗಿದರು. ಈಗ ಒಂದರ ಕೆಳಗೆ ಒಂದು ಇಟ್ಟು ನೋಡಿದರೆ ಮಗುವಿಗೂ ತಿಳಿಯುವಂಥದ್ದು. ಆಗ ನಮಗೆ ಕಾಣಲಿಲ್ಲ, ಯಾಕೆಂದರೆ ಪ್ರತಿ ದಿನವನ್ನೂ ನಾವು ಹಿಂದಿನ ದಿನದ ಜೊತೆ ಹೋಲಿಸುತ್ತಿದ್ದೆವು. ನಿನ್ನೆಗಿಂತ ಇವತ್ತು ಸ್ವಲ್ಪವೇ ಹೆಚ್ಚು. ನಾಳೆಯೂ ಹಾಗೇ, ಸ್ವಲ್ಪವೇ ಹೆಚ್ಚು. ಹೋಲಿಸಬೇಕಿದ್ದದ್ದು ಹಿಂದಿನ ತಿಂಗಳ ಅಪ್ಪಯ್ಯನ ಜೊತೆ. ಆ ಮನುಷ್ಯ ಬೆಳಿಗ್ಗೆ ಕೆಳಗಿಳಿದು ಪೇಪರ್ ತಂದು, ಮೂರು ಮಹಡಿ ಹತ್ತಿ, ಎರಡನೇ ಮಹಡಿಯಲ್ಲಿ ಒಮ್ಮೆ ಮಾತ್ರ ನಿಲ್ಲುತ್ತಿದ್ದರು.

ಐದನೇ ದಿನ ವಿಸರ್ಜನೆ. ರಾತ್ರಿ ಹನ್ನೊಂದರವರೆಗೂ ರಸ್ತೆಯಲ್ಲಿ ಢೋಲು ತಾಶೆ. ಎರಡು ಗಂಟೆಗೆ ಎದ್ದು ನೋಡಿದರೆ ಅಪ್ಪಯ್ಯ ಕಿಟಕಿಯ ಗ್ರಿಲ್ ಹಿಡಿದು ನಿಂತಿದ್ದರು, ಗಾಳಿಗೆ. ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಮೀಟರ್ ಕಪಾಟಿನಲ್ಲಿತ್ತು. ಹಾಕಿದೆ, 91 ತೋರಿಸಿತು. ಕೈ ತಣ್ಣಗಿತ್ತು. ತಣ್ಣನೆಯ ಬೆರಳಿಗೆ ಆ ಯಂತ್ರ ತಪ್ಪು ತೋರಿಸುವುದೂ ಉಂಟು, ಹಾಗಾಗಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಅಪ್ಪಯ್ಯ, ಆಸ್ಪತ್ರೆಗೆ ಹೋಪನಾ?" ಅಂತ ಕೇಳಿದೆ.

"ಬೆಳಿಗ್ಗೆ ಕಾಂಬ."

ಕೇಳಿ ನನಗೆ ಹಗುರವಾಯಿತು. ಇದನ್ನು ಹೇಳಲು ಬಹಳ ಕಷ್ಟ, ಆದರೆ ಅದು ನಿಜ. ಅವರು ಬೇಡ ಅಂದದ್ದರಿಂದ ನಾನು ಹೋಗಿ ಮಲಗಬಹುದಾಗಿತ್ತು.

ಐದೂವರೆಗೆ ಅಮ್ಮ ಕೂಗಿದರು. ಅಪ್ಪಯ್ಯನ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ, "ಹಾಲ್ ಉಕ್ಕಿತಾ? ಗಿರಾಕಿ ಬಂದ್ರಾ?" ಅಂತ ಕೇಳಿದರು. ಕ್ಯಾಂಟೀನ್ ಬಿಟ್ಟು ಹದಿನೈದು ವರ್ಷವಾಗಿತ್ತು. ಆಕ್ಸಿಮೀಟರ್‌ನಲ್ಲಿ 79. ಆಮೇಲೆ ನಾಲ್ಕು ದಿನ ಐಸಿಯು, ಒಟ್ಟು ಒಂಬತ್ತು ದಿನ ಆಸ್ಪತ್ರೆ. ಮೂರೂವರೆ ಗಂಟೆ ಮೊದಲು ಕರೆತಂದಿದ್ದರೆ ಇಷ್ಟು ಕಷ್ಟ ಇರಲಿಲ್ಲ ಅಂತ ಅಲ್ಲಿನ ಡಾಕ್ಟರು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಪ್ಪಯ್ಯ ಯಾಕೆ ಯಾವಾಗಲೂ ಬೆಳಿಗ್ಗೆ ಅನ್ನುತ್ತಾರೆ? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅದನ್ನೇ ಯೋಚಿಸಿದೆ. ಹಣದ ಚಿಂತೆ ಇದ್ದೇ ಇದೆ, ಆದರೆ ಅದಷ್ಟೇ ಅಲ್ಲ. ಅಪ್ಪಯ್ಯ ಕುಂದಾಪುರದ ಕಡೆಯಿಂದ 13ನೇ ವಯಸ್ಸಿಗೆ ಮುಂಬಯಿಗೆ ಬಂದವರು. ಅಲ್ಲಿನ ಫೋರ್ಟ್ ಪ್ರದೇಶದ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆಯುವ ಕೆಲಸ, ಸಂಜೆಯ ಮೇಲೆ ಕನ್ನಡ ರಾತ್ರಿ ಶಾಲೆ. ನಮ್ಮ ಜಿಲ್ಲೆಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದು ಅಂಥ ಶಾಲೆಗಳಲ್ಲೇ. ಶಾಲೆ ಮುಗಿಸಿ ಬಂದು ಕ್ಯಾಂಟೀನಿನ ಮೇಜು ಜೋಡಿಸಿ ಅದರ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ಮಲಗುವುದು. ನಾಲ್ಕು ಗಂಟೆಗೆ ಎಲ್ಲರೂ ಏಳಬೇಕು. ನಡುರಾತ್ರಿ ಜ್ವರ ಬಂದರೂ ಹೊಟ್ಟೆ ಕಚ್ಚಿದರೂ ಪಕ್ಕದವನನ್ನು ಎಬ್ಬಿಸಬಾರದು, ಅವನಿಗಿರುವುದೇ ನಾಲ್ಕು ಗಂಟೆಯ ನಿದ್ದೆ. ಒಮ್ಮೆ ವಾಂತಿಭೇದಿಯಾಗಿ ಬೆಳಗಿನವರೆಗೂ ಬಚ್ಚಲಲ್ಲೇ ಕೂತಿದ್ದೆ ಅಂತ ನಾನು ಸಣ್ಣವಳಿದ್ದಾಗ ಹೇಳಿದ್ದರು. ಹಾಗೆ ತಡೆದುಕೊಂಡದ್ದು ಅವರಿಗೆ ಹೆಮ್ಮೆಯ ವಿಷಯ. ಮಲಗಿದವರನ್ನು ಎಬ್ಬಿಸದಿರುವುದು ಅವರ ಪಾಲಿಗೆ ಒಳ್ಳೆಯ ಮನುಷ್ಯನ ಲಕ್ಷಣ. ಅರವತ್ತು ವರ್ಷ ಕಳೆದರೂ ಆ ಹುಡುಗ ಇನ್ನೂ ಅದೇ ಮೇಜಿನ ಮೇಲಿದ್ದಾನೆ.

ಅಂಥವರನ್ನು ರಾತ್ರಿ ಎರಡು ಗಂಟೆಗೆ "ಹೋಪನಾ?" ಅಂತ ಕೇಳಿದರೆ ಅವರು ಬೇರೆ ಏನು ಹೇಳಬೇಕು? ನಾನು ಕೇಳಿದ್ದೇ ತಪ್ಪು ಪ್ರಶ್ನೆ. ಹೋಗಬೇಕೋ ಬೇಡವೋ ಎಂಬುದರ ಜೊತೆಗೆ ಮಗಳ ನಿದ್ದೆ, ಮರುದಿನದ ಅವಳ ಡ್ಯೂಟಿ, ಅಮ್ಮನ ಗಾಬರಿ, ಆಸ್ಪತ್ರೆಯ ಡಿಪಾಸಿಟ್ ಎಲ್ಲವನ್ನೂ ಅವರ ತಲೆಯ ಮೇಲೆ ಇಟ್ಟು, ಉಸಿರಾಡಲೂ ಆಗದವರಿಂದ ತೀರ್ಪು ಕೇಳಿದ್ದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ತೀರ್ಮಾನ ಮಾಡುವ ಶಕ್ತಿಯೂ ಮಂಕಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ನನ್ನ ಕಡೆಯ ಹಿಂಜರಿಕೆಗಳೂ ಕಡಿಮೆ ಇರಲಿಲ್ಲ. ಆ ಬೆಳಿಗ್ಗೆ ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ, ಅಪ್ಪಯ್ಯ ರಿಕ್ಷಾದಲ್ಲಿ ಏದುಸಿರು ಬಿಡುತ್ತಿರುವಾಗಲೇ, ಕೌಂಟರಿನವರು ಡಿಪಾಸಿಟ್ ಮಾತಾಡಿ, ಐಸಿಯು ಬೆಡ್ ಇಲ್ಲ, ಬೇರೆ ಕಡೆ ನೋಡಿ ಅಂದರು. ನಾನು ಸುಮ್ಮನೆ ಹೊರಗೆ ಬಂದೆ. ಈಗಾದರೆ ಬರುವುದಿಲ್ಲ. 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ. ಅಪಘಾತದಲ್ಲಿ ಗಾಯಗೊಂಡ ಸ್ಕೂಟರ್ ಸವಾರನನ್ನು ಒಂದು ಆಸ್ಪತ್ರೆಯವರು ನೋಡದೆ ದೂರದ ಇನ್ನೊಂದಕ್ಕೆ ಕಳಿಸಿದ್ದರು, ಆತ ದಾರಿಯಲ್ಲೇ ತೀರಿಕೊಂಡ. ಸರಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವ ತುರ್ತು ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯ, ಬೇರೆ ಔಪಚಾರಿಕತೆಗಳು ಅದಕ್ಕೆ ಅಡ್ಡ ಬರಬಾರದು ಅಂತ ಕೋರ್ಟ್ ಹೇಳಿತು. ಬೆಡ್ ಇಲ್ಲದಿರಬಹುದು. ಆಕ್ಸಿಜನ್ ಹಚ್ಚಿ, ಒಂದು ಇಂಜೆಕ್ಷನ್ ಕೊಟ್ಟು, ಉಸಿರು ಹಿಡಿತಕ್ಕೆ ಬಂದ ಮೇಲೆ ಕಳಿಸಿ ಅಂತ ಕೇಳುವ ಹಕ್ಕು ನಮಗಿದೆ. ಅದನ್ನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳಬೇಕು.

ಡಿಸ್ಚಾರ್ಜ್ ಆಗಿ ಎರಡು ವಾರಕ್ಕೆ ಅಪ್ಪಯ್ಯನ ಹೃದಯದ ಡಾಕ್ಟರನ್ನು ಕಾಣಲು ಹೋದೆವು. ಅಪ್ಪಯ್ಯ, ಅಮ್ಮ, ನಾನು ಮೂವರೂ. ಹಗಲು ಹನ್ನೊಂದು ಗಂಟೆ, ಅಪ್ಪಯ್ಯ ಆರಾಮಾಗಿದ್ದರು. ಯಾವಾಗ ನಿಮಗೆ ಫೋನ್ ಮಾಡಬೇಕು, ಯಾವಾಗ ಫೋನನ್ನೂ ಮಾಡದೆ ನೇರ ಆಸ್ಪತ್ರೆಗೆ ಹೊರಡಬೇಕು ಅಂತ ಕೇಳಿದೆ. ಡಾಕ್ಟರು ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟರು. ಅದು ನಮ್ಮ ಫ್ರಿಜ್ಜಿನ ಮೇಲಿದೆ. ನಿಮ್ಮ ಮನೆಯವರ ಕಾಯಿಲೆಗೆ ಅಂಕಿಗಳು ಬೇರೆ ಇರುತ್ತವೆ, ಅದನ್ನು ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ.

ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ತೂಕ ನೋಡಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮೈ ಬಂದದ್ದಲ್ಲ, ನೀರು. ಆಗ ಫೋನ್. ಕಾಲಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಕುಳಿ ಬಿದ್ದು ಹಾಗೇ ಉಳಿದರೂ ಫೋನ್, ದಿಂಬು ಒಂದು ಹೆಚ್ಚಾದರೂ ಫೋನ್. ಅವರು ಹೇಳಿದರೆ ಮಾತ್ರ ಲ್ಯಾಸಿಕ್ಸ್, ಅಂದರೆ ಮೂತ್ರ ಹೆಚ್ಚಿಸಿ ನೀರು ಇಳಿಸುವ ಮಾತ್ರೆ, ಒಂದು ಹೆಚ್ಚು. ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದರ ಜೊತೆ ಅವರು ಸೇರಿಸಿದ ಒಂದು ಸಾಲು. ಆ ಹೆಚ್ಚಿನ ಮಾತ್ರೆ ತೆಗೆದುಕೊಂಡು ಎರಡು ಗಂಟೆಯಾದರೂ ಮೂತ್ರ ಸರಿಯಾಗಿ ಹೋಗದಿದ್ದರೆ ಇನ್ನೊಂದು ಮಾತ್ರೆ ನುಂಗಿ ಕಾಯಬಾರದು. ಕಾಲಿನಂತೆ ಕರುಳಿನ ಗೋಡೆಯೂ ಬಾತಿರುತ್ತದೆ, ಮಾತ್ರೆ ರಕ್ತಕ್ಕೆ ಬೇಗ ಸೇರುವುದಿಲ್ಲ, ಅದೇ ಔಷಧಿ ನರಕ್ಕೆ ಹೋಗಬೇಕು. ಅಂದರೆ ಆಸ್ಪತ್ರೆ. ಇನ್ನು ಕೂತಲ್ಲೇ ಏದುಸಿರು, ಒಂದು ವಾಕ್ಯ ಪೂರ್ತಿ ಹೇಳಲಾಗದಿರುವುದು, ಮಲಗಲು ಆಗದೇ ಇರುವುದು, ಮಾತು ಅಸಂಬದ್ಧವಾಗುವುದು, ತಲೆ ಸುತ್ತಿ ಬೀಳುವುದು, ಎದೆನೋವು, ಗುಲಾಬಿ ಬಣ್ಣದ ನೊರೆ ಕಫ, ಕೈ ಉಜ್ಜಿ ಬೆಚ್ಚಗೆ ಮಾಡಿ ಎರಡು ಸಲ ನೋಡಿದರೂ ಆಕ್ಸಿಮೀಟರ್ 90ರ ಕೆಳಗೆ, ಇವುಗಳಲ್ಲಿ ಯಾವುದೊಂದು ಕಂಡರೂ ಗಡಿಯಾರ ನೋಡದೆ ಹೊರಡುವುದು.

ಡಾಕ್ಟರು ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ಅಪ್ಪಯ್ಯನ ಮುಂದೆ ಇಟ್ಟು, ಒಪ್ಪಿಗೆಯಾ ಅಂತ ಕೇಳಿದರು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ತಲೆಯಾಡಿಸಿದರು. ರಾತ್ರಿಯ ತೀರ್ಮಾನ ಅಲ್ಲಿ, ಆ ಹಗಲಿನಲ್ಲಿ ಆಯಿತು.

ಈಗ ನಮ್ಮ ಕಾಲನಿರ್ಣಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ತೂಕ ಇರುತ್ತದೆ. ಬರೆಯುವುದು ಅಪ್ಪಯ್ಯನೇ. ಕ್ಯಾಂಟೀನಿನ ಉದ್ರಿ ಲೆಕ್ಕ ಬರೆದ ಕೈ ಅದು, ದಶಮಾಂಶವನ್ನೂ ಬಿಡುವುದಿಲ್ಲ.

2024ರ ಜನವರಿ. ಜ್ವರ ಬಂದು ಹೋಗಿತ್ತು. ಚೌಕಗಳಲ್ಲಿ 61.4, 62.1, 63, 63.8. ಸಂಜೆ ಡಾಕ್ಟರಿಗೆ ಫೋನ್ ಮಾಡಿ ಹೆಚ್ಚಿನ ಮಾತ್ರೆ ಕೊಟ್ಟೆ. ಎರಡು ಗಂಟೆ ಕಳೆದರೂ ಮೂತ್ರ ಅಷ್ಟಕ್ಕಷ್ಟೇ. ಆಗಲೇ ಹೊರಡಬೇಕಿತ್ತು, ಇನ್ನೊಂದು ಗಂಟೆ ನೋಡುವ ಅಂತ ಕೂತೆ. ಕಾಗದ ಇದ್ದರೂ ಕಾಯುವ ಚಟ ಒಂದೇ ಸಲಕ್ಕೆ ಹೋಗುವುದಿಲ್ಲ. ರಾತ್ರಿ ಹನ್ನೆರಡೂವರೆಗೆ ಅಪ್ಪಯ್ಯ "ಮಗಾ" ಅಂದು ನಿಲ್ಲಿಸಿ, ಉಸಿರು ಎಳೆದು, "ನೀರ್" ಅಂದರು. ಎರಡು ಪದಗಳ ನಡುವೆ ಒಂದು ಉಸಿರು.

ಈ ಸಲ ನಾನು "ಹೋಪನಾ" ಅನ್ನಲಿಲ್ಲ. "ಅಪ್ಪಯ್ಯ, ಹೋಪ" ಅಂದೆ. ಒಂದೇ ಅಕ್ಷರದ ವ್ಯತ್ಯಾಸ. ಅವರು ಬೆಳಿಗ್ಗೆ ಅನ್ನಲು ಬಾಯಿ ತೆರೆದರು, ಫ್ರಿಜ್ಜಿನ ಕಡೆ ನೋಡಿದರು, ಸುಮ್ಮನಾದರು.

ಮೂರು ಮಹಡಿ ನಡೆಸಿ ಇಳಿಸುವುದು ಅಂಥ ಹೃದಯಕ್ಕೆ ಆಗದ ಮಾತು. ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಳೇ ಸೀರೆಯಿಂದ ಸೊಂಟಕ್ಕೆ ಒಂದು ಸುತ್ತು ಕಟ್ಟಿ, ಎದುರುಮನೆಯ ಮರಾಠಿ ಹುಡುಗರಿಬ್ಬರು ಹೊತ್ತುಕೊಂಡು ಇಳಿಸಿದರು. ಈ ಏರ್ಪಾಟನ್ನೂ ಹಗಲಲ್ಲೇ ಮಾತಾಡಿಟ್ಟಿದ್ದೆ. "ಯಾವ ಹೊತ್ತಿಗಾದರೂ ಬೆಲ್ ಒತ್ತಿ, ಕಾಕು" ಅಂದಿದ್ದರು ಆ ಮಕ್ಕಳು, ಕಾಕು ಅಂದರೆ ಚಿಕ್ಕಮ್ಮ. 108ರ ಆಂಬುಲೆನ್ಸಿಗೆ ದುಡ್ಡಿಲ್ಲ, ಮಹಾರಾಷ್ಟ್ರದಲ್ಲಿ ಆ ಸೇವೆ 2014ರಿಂದ ಇದೆ. ಫೋನ್ ಎತ್ತುವವರಿಗೆ ನಮ್ಮ ಗಲ್ಲಿ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲು ಊರು, ಆಮೇಲೆ ಪೂರ್ವವೋ ಪಶ್ಚಿಮವೋ, ಆಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಗುರುತು ಹೇಳಬೇಕು. ಡೊಂಬಿವಲಿಯಲ್ಲಿ ಪೂರ್ವ ಪಶ್ಚಿಮ ಎಂಬುದು ದೊಡ್ಡ ವಿಷಯ. ನಡುವೆ ರೈಲು ಹಳಿ, ವಾಹನ ದಾಟಬೇಕಾದರೆ ಕೋಪರ್ ಸೇತುವೆ ಇಲ್ಲವೇ ಠಾಕುರ್ಲಿ ಸೇತುವೆ. ಹಗಲಲ್ಲಿ ಜೀವ ಹಿಂಡುವ ಸೇತುವೆ ಆ ಹೊತ್ತಿನಲ್ಲಿ ಖಾಲಿ ಇತ್ತು.

ಕ್ಯಾಜುವಲ್ಟಿಯಲ್ಲಿ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿದರು. ಬೈಪ್ಯಾಪ್ ಅನ್ನುತ್ತಾರೆ, ಗಾಳಿಯನ್ನು ಒತ್ತಡದಿಂದ ಒಳಗೆ ನೂಕುತ್ತದೆ. ನರಕ್ಕೆ ಲ್ಯಾಸಿಕ್ಸ್ ಕೊಟ್ಟರು. ನಾನು ಮಂಚದ ಪಕ್ಕ ಬಗ್ಗಿ, ಕೆಳಗೆ ತೂಗುಹಾಕಿದ ಮೂತ್ರದ ಚೀಲ ನೋಡುತ್ತಿದ್ದೆ. ಮೊದಲು ಕೊಳವೆಯಲ್ಲಿ ಒಂದು ಹಳದಿ ಗೆರೆ, ಆಮೇಲೆ ಚೀಲದ ಮೂಲೆ ತುಂಬಿತು, ಆಮೇಲೆ 200ರ ಗೆರೆ, 400ರ ಗೆರೆ. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ನೋಡಿರಲಿಲ್ಲ. ಬೆಳಗಾಗುವ ಹೊತ್ತಿಗೆ ಅಪ್ಪಯ್ಯ ಮಾಸ್ಕಿನೊಳಗಿಂದ ಇಡೀ ವಾಕ್ಯ ಹೇಳಿದರು, ಅಮ್ಮನಿಗೆ ಚಾ ಕುಡಿಸು ಅಂತ. ಮೂರು ದಿನಕ್ಕೆ ಮನೆಗೆ ಬಂದೆವು.

ಸುಮ್ಮನೆ ಹೋಗಿ ಬಂದದ್ದೂ ಇದೆ. ಒಂದು ರಾತ್ರಿ ಎದೆಯಲ್ಲಿ ಉರಿ ಅಂದರು, ಹೊರಟೆವು. ಇಸಿಜಿ ಮಾಡಿದರು, ಕೆಲವು ಗಂಟೆ ಅಂತರದಲ್ಲಿ ಎರಡು ಸಲ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿದರು, ಹೃದಯದ್ದಲ್ಲ, ಆಸಿಡಿಟಿ ಅಂದರು. ನಾಲ್ಕು ಸಾವಿರದ ಮೇಲೆ ಖರ್ಚು. ವಾಪಸು ಬರುವಾಗ ಅಮ್ಮ ಮಾತಾಡಲಿಲ್ಲ, ಅಪ್ಪಯ್ಯ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ನನಗೆ ಆ ಖರ್ಚು ಒಂದು ದಿನವೂ ದಂಡ ಅನ್ನಿಸಿಲ್ಲ. ಎದೆಯ ಉರಿ ಗ್ಯಾಸಿನದೋ ಹೃದಯದ್ದೋ ಅಂತ ಮನೆಯಲ್ಲಿ ಕೂತು ಹೇಳುವ ಯಂತ್ರ ನನ್ನ ಬಳಿ ಇಲ್ಲ. ಅದನ್ನು ಹೇಳುವುದೇ ಆ ಬಾಗಿಲಿನ ಕೆಲಸ. ಏನೂ ಇಲ್ಲ ಅಂತ ಕೇಳಿಕೊಂಡು ಬರುವುದಕ್ಕೂ ಅಲ್ಲಿಗೆ ಹೋಗಬಹುದು.

ನಮ್ಮ ಬಿಲ್ಡಿಂಗಿನಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬರು ಅಕ್ಕ ಇದ್ದಾರೆ. ಒಂದು ಮಳೆಗಾಲ ಹಳಿಗೆ ನೀರು ಬಂದು ಲೋಕಲ್ ನಿಂತು ಅವರ ಒಂದು ಸರದಿ ತಪ್ಪಿತು. ಮರುದಿನ ಕಾಲಿನಲ್ಲಿ ಶಕ್ತಿಯೇ ಇಲ್ಲ, ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ ಅಂತ ಮಲಗಿದ್ದರು. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ಏರಿದರೆ ಮೈಕಾಲು ಸೋಲುತ್ತದೆ, ಹೆಚ್ಚೇನೂ ನೋವು ಕೊಡದೆ ಹೃದಯದ ಲಯವನ್ನೇ ಕೆಡಿಸುತ್ತದೆ. ಅವರ ಮಗ ಹಠ ಹಿಡಿದು ಕರೆದುಕೊಂಡು ಹೋದ. ಅದೇ ದಿನ ತುರ್ತಾಗಿ ಡಯಾಲಿಸಿಸ್ ಮಾಡಿದರು. ಈಗ ನಾವಿಬ್ಬರೂ ಮೆಟ್ಟಿಲಲ್ಲಿ ಸಿಕ್ಕಾಗ ಹೇಗಿದ್ದೀರಿ ಅಂತ ಕೇಳಿಕೊಳ್ಳುವುದಿಲ್ಲ, ಹೋದ ತಿಂಗಳಿಗೆ ಹೋಲಿಸಿದರೆ ಹೇಗಿದ್ದೀರಿ ಅಂತ ಕೇಳಿಕೊಳ್ಳುತ್ತೇವೆ.

ಹೋದ ತಿಂಗಳು ಒಂದು ರಾತ್ರಿ ನನಗೆ ಗಾಢ ನಿದ್ದೆ. ಹಿಂದಿನ ಎರಡು ದಿನ ಬ್ಯಾಂಕಿನಲ್ಲಿ ತಡವಾಗಿತ್ತು, ಉಸಿರು ಎಣಿಸದೆ ಮಲಗಿಬಿಟ್ಟಿದ್ದೆ. ಯಾರೋ ಹೆಗಲು ಮುಟ್ಟಿದ ಹಾಗಾಯಿತು. ಕಣ್ಣು ಬಿಟ್ಟರೆ ಅಪ್ಪಯ್ಯ. ಗೋಡೆ ಹಿಡಿದುಕೊಂಡು ನನ್ನ ಕೋಣೆಯವರೆಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನನ್ನ ಇಷ್ಟು ವರ್ಷದಲ್ಲಿ ಅವರು ನನ್ನನ್ನು ನಿದ್ದೆಯಿಂದ ಎಬ್ಬಿಸಿದ್ದು ಅದೇ ಮೊದಲು. ಮೊಬೈಲಿನಲ್ಲಿ 2.50.

"ಮಗಾ," ಅಂದರು. ಉಸಿರು ಎಳೆದುಕೊಂಡರು. "ಕುರ್ಚಿ ತಕಂಡ್ ಬಾ."